ಹೊಗೆ ಹೆಸರಿನಲ್ಲಿ ಮಾತ್ರ

ಶಾಲೆಯ ಆವರಣದಲ್ಲಿ ತಂಬಾಕು ಕೂಡದು. ಈ ಒಂದೇ ವಾಕ್ಯವನ್ನು ಜಾರಿಗೆ ತರುವುದರಲ್ಲಿ ನನ್ನ ಮುಖ್ಯೋಪಾಧ್ಯಾಯಗಿರಿಯೆಲ್ಲ ಸವೆಯಿತು. ವಾಕ್ಯವನ್ನು ಬಿಗಿ ಮಾಡಿದಷ್ಟೂ ಜನ ಅದರೊಳಗೆ ಹೊಸ ಕಿಂಡಿ ಕೊರೆಯುತ್ತಿದ್ದರು.

ಶಿರಸಿ

ತೊಂಬತ್ತರ ದಶಕ. ಬಾಗಿಲಿಗೆ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕ ಹಾಕಿಸಿದ್ದೆ. ಅದರಡಿಯಲ್ಲೇ ನಿಂತು ಪಾಲಕರೊಬ್ಬರು ಎಲೆಯಡಿಕೆಯ ಕವಳ ಜಗಿಯುತ್ತಿದ್ದರು. ಬಿಳಿಗೋಡೆಯ ಮೇಲೆ ಆಗಲೇ ಕೆಂಪು ನಕ್ಷೆ ಮೂಡಿತ್ತು.

“ಫಲಕ ಓದಿದಿರಾ?”

“ಓದಿ ಆತು, ಮಾಸ್ತರೇ. ಆನು ಬೀಡಿ ಸೇದ್ತ್ನಿಲ್ಲೆ.”

“ಬಾಯಲ್ಲಿರುವುದೇನು?”

“ಕವಳ.”

“ಕವಳದೊಳಗೆ?”

“ಹೊಗೆಸೊಪ್ಪು.”

“ಅಲ್ಲಿಗೆ ಹೊಗೆ ಇದೆ ಎಂದಾಯಿತು.”

ಅವರು ನನ್ನನ್ನು ಮರುಕದಿಂದ ನೋಡಿದರು.

“ಅದು ಹೆಸರಲ್ಲಿ ಮಾತ್ರ ಇದ್ದು, ಮಾಸ್ತರೇ.”

ಯಲ್ಲಾಪುರ

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ವರ್ಗವಾಗಿ ಬಂದ ಶಾಲೆಯಲ್ಲಿ ಫಲಕವನ್ನು ತಿದ್ದಿ, ‘ತಂಬಾಕು ನಿಷೇಧಿಸಿದೆ’ ಎಂದು ಬರೆಸಿದೆ. ನಮ್ಮ ದೈಹಿಕ ಶಿಕ್ಷಕರು ಹಾವೇರಿ ಕಡೆಯವರು. ದುಬೈಯಲ್ಲಿದ್ದ ಅವರ ಭಾವ ಒಂದು ಎಲೆಕ್ಟ್ರಿಕ್ ಸಿಗರೇಟು ತಂದುಕೊಟ್ಟಿದ್ದ. ಅದನ್ನವರು ಶಿಕ್ಷಕರ ಕೊಠಡಿಯಲ್ಲೇ ಎಳೆಯತೊಡಗಿದರು. ಕರೆಸಿದೆ.

“ಇದ್ರಾಗ ತಂಬಾಕ ಇಲ್ರಿ, ಸರ್. ಬೆಂಕೀನೂ ಇಲ್ಲ.”

“ಮೂಗಿನಿಂದ ಬರುತ್ತಿರುವ ಹೊಗೆ?”

“ಅದು ಹೊಗಿ ಅಲ್ರಿ. ಬರೇ ಉಗಿ ರೀ, ಸರ್! ಉಗಿ ರೀ!”

ತಾವಾಗಿಯೇ ಕೇಳಿಕೊಂಡರು. ಪಾಠದ ಗಂಟೆ ಬಾರಿಸುವವರೆಗೂ ಉಗಿದೆ.

ಸಿದ್ದಾಪುರ

ನಿವೃತ್ತಿಯ ವರ್ಷ, ನನಗಿದ್ದ ಕಡೆಯ ಅವಕಾಶ. ಶಾಲಾ ಸಮಿತಿಯ ಮುಂದೆ ಕಿಂಡಿಯಿಲ್ಲದ ನಿಯಮವನ್ನಿಟ್ಟೆ: ‘ಸೇದುವ, ಜಗಿಯುವ, ಎಳೆಯುವ ಯಾವ ಚಟವೂ ಆವರಣದಲ್ಲಿ ಕೂಡದು. ಈ ನಿಯಮ ತಕ್ಷಣದಿಂದ ಜಾರಿ. ತಪ್ಪಿದವರು ಶಾಲೆಯ ಗೋಡೆಗೆ ಸ್ವಂತ ಖರ್ಚಿನಲ್ಲಿ ಸುಣ್ಣ ಹೊಡೆಸತಕ್ಕದ್ದು.’

ಚರ್ಚೆ ಎದ್ದಿತು. ಮಕ್ಕಳಿಗಷ್ಟೇ ಸಾಕು ಎಂದರು ಒಬ್ಬರು. ಜಗಲಿಯನ್ನಾದರೂ ಬಿಟ್ಟುಕೊಡಿ ಎಂದರು ಇನ್ನೊಬ್ಬರು. ಅಧ್ಯಕ್ಷರು ತೂಕವಾಗಿ ನುಡಿದರು:

“ನಿಯಮ ಬೇಕು, ಮಾಸ್ತರೇ. ಆದ್ರೆ ಅದಕ್ಕೂ ಒಂದು ಹದ ಬೇಕು.”

ಅಷ್ಟರಲ್ಲಿ ಚಹಾ ಬಂತು. ಚಹಾದ ಹಿಂದೆ ಅಧ್ಯಕ್ಷರ ಕವಳದ ತಟ್ಟೆ ಒಂದು ಸುತ್ತು ಹೋಯಿತು. ಎಲ್ಲರ ಕೆನ್ನೆಯೂ ಉಬ್ಬುವವರೆಗೆ ನಾನು ತಾಳ್ಮೆಯಿಂದ ಕಾದೆ. ಆಮೇಲೆ ಎದ್ದು ನಿಂತೆ.

“ಆಕ್ಷೇಪವಿದ್ದವರು ಬಾಯಿಬಿಟ್ಟು ಹೇಳಬೇಕು.”

ಬಾಯಿ ಬಿಡುವ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ. ಅಧ್ಯಕ್ಷರು ಕೈ ಬೀಸಿ “ಮ್‌ಮ್! ಮ್‌ಮ್!” ಎಂದರು.

“ಸರ್ವಾನುಮತದಿಂದ ಅಂಗೀಕಾರ,” ಎಂದು ಘೋಷಿಸಿದೆ.

ಅಧ್ಯಕ್ಷರು ಕಿಟಕಿಗೆ ಓಡಿದರು. ಹೊರಗಿನ ಗೋಡೆಗೆ ಉಗಿದು, ಏದುಸಿರು ಬಿಡುತ್ತ ತಿರುಗಿದರು.

“ಮಾಸ್ತರೇ, ಎನ್ನ ಆಕ್ಷೇಪ ಇದ್ದು!”

“ಅಗತ್ಯವಾಗಿ ಕೇಳೋಣ,” ಎಂದೆ. “ಮೊದಲು ಸುಣ್ಣಕ್ಕೆ ಹೇಳಿಕಳಿಸಿ.”