ಎರೆಭೂತಕ್ಕೆ ಚರಗ

ಎಳ್ಳಮಾವಾಸ್ಯೆಯ ದಿನ ಸಾಲೋಟಗಿಯ ತಿಪ್ಪವ್ವ ತನ್ನ ಸೊಸೆ ಸುರೇಖಾಳ ಜೊತೆ ಕಾಯ್ದಿಟ್ಟ ಕುರುಚಲು ಕಾಡಿನ ಗೇಟಿಗೆ ಬಂದಿಳಿದಾಗ, ಗಾರ್ಡ್ ಕಾಸಿಂಸಾಬ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ತಲೆಯ ಮೇಲಿನ ಬುತ್ತಿಗಂಟನ್ನು.

"ಆಯಿ, ಒಳಗ ಮಾತಾಡಂಗಿಲ್ರಿ. ಎರಿಭೂತ ಭಾಳ ಅಂಜುಬುರುಕ ಹಕ್ಕಿ."

"ನನಗ ಹೇಳ್ತೀಯೇನೋ ತಮ್ಮಾ? ನಾ ಬಾಯಿ ಮುಚ್ಚಿದ್ರ ಕಲ್ಲು ಸುದ್ದಾ ನಾಚಬೇಕು!"

"ಅದನ್ನ ಸ್ವಲ್ಪ ಮೆಲ್ಲಕ ಹೇಳ್ರಿ," ಅಂದ ಕಾಸಿಂಸಾಬ.

ಸುರೇಖಾ ಶಾಲೆಯ ಟೀಚರು. ಎರೆಭೂತದ ಫೋಟೋ ತಂದು ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು, ಹೋದಾಗಲೆಲ್ಲ ಬರೀ ನವಿಲು ನೋಡಿ ಮರಳಿದ್ದಳು. ನಾಳೆಯಿಂದ ಕಾಡಿಗೆ ಜನರನ್ನು ಬಿಡುವುದಿಲ್ಲ. ಇವತ್ತು ಕಂಡರೆ ಕಂಡಿತು, ಇಲ್ಲವಾದರೆ ಮುಂದಿನ ವರ್ಷವೇ.

ಮೂವರೂ ಜಾಲಿಗಿಡದ ಮರೆಗೆ ಕುಳಿತರು. ತಿಪ್ಪವ್ವನದು ಮಹಾಮೌನ! ಇರುವೆ ಕಚ್ಚಿತು, ತುಟಿ ಬಿಚ್ಚಲಿಲ್ಲ. ಕೆಮ್ಮು ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸೊಸೆ ಮೆಚ್ಚಿ ತಲೆದೂಗಿದಳು.

ಹೊತ್ತು ನೆತ್ತಿಗೆ ಬಂತು. ತಿಪ್ಪವ್ವ ಸದ್ದಿಲ್ಲದೆ ಬುತ್ತಿ ಬಿಚ್ಚಿ, ಕಡುಬು ಮುರಿದು, ಬಾಯಿಯ ತನಕ ಒಯ್ದವಳು ತಡೆದಳು. ಎಳ್ಳಮಾವಾಸ್ಯೆಯ ದಿನ, ಬಯಲಲ್ಲಿ ಕೂತು, ಚರಗ ಚೆಲ್ಲದೆ ಉಣ್ಣುವುದೇ? ಭೂಮಿತಾಯಿಗೆ ಮೊದಲ ತುತ್ತು ಕೊಡದೆ ಅವಳು ಎಂದೂ ಉಂಡವಳಲ್ಲ. ಕಾಡಾದರೇನು, ಅದೂ ಭೂಮಿತಾಯಿಯೇ. ಸುಮ್ಮನೆ ಒಂದು ತುತ್ತು ಚೆಲ್ಲಿದರಾಯಿತು ಎಂದು ಎದ್ದಳು.

ಆಗಲೇ ಎದುರಿನ ಹುಲ್ಲು ಅಲುಗಿತು. ಉದ್ದ ಕತ್ತು, ಕರಿ ಟೊಪ್ಪಿಗೆ! ಬೀಗರೂರಿಗೆ ಬಂದ ಹಿರಿಯನ ಗತ್ತಿನಲ್ಲಿ ಎರೆಭೂತ ಬಯಲಿಗೆ ಬಂತು. ಸುರೇಖಾ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದಳು.

ಹಕ್ಕಿಯನ್ನು ಕಾಣದೆ ಆಚೆ ತಿರುಗಿದ್ದ ತಿಪ್ಪವ್ವನ ಕೈ ತುತ್ತು ಎಸೆಯಿತು. ಕೈ ಎಸೆದ ಮೇಲೆ ಬಾಯಿ ಸುಮ್ಮನಿದ್ದೀತೆ?

"ಹುಲ್ಲುಲ್ಲಿಗೋ!"

ಚರಗ ಚೆಲ್ಲುವವರು ಹಾಗೆ ಕೂಗಿದರೆ, ಹಿಂದೆ ನೀರು ಚಿಮುಕಿಸುವವರು ಉತ್ತರ ಕೊಡಲೇಬೇಕು. ಪ್ರತಿವರ್ಷ ಹೊಲದಲ್ಲಿ ತಂಬಿಗೆ ಹಿಡಿದು ಅತ್ತೆಯ ಹಿಂದೆ ನಡೆಯುವವಳು ಸುರೇಖಾ.

"ಚಳ್ಳಂಬರಿಗೋ!"

ಎರೆಭೂತ ಎದ್ದಿತು. ಅದರ ಹಿಂದೆ ನವಿಲು, ಕವುಜುಗ, ಬೆಳವ, ಇಡೀ ಕಾಡೇ ಎದ್ದು ದಿಕ್ಕಾಪಾಲಾಯಿತು.

ಕ್ಯಾಮೆರಾದಲ್ಲಿ ಸಿಕ್ಕಿದ್ದು ಒಂದೇ: ನೀಲಿ ಆಕಾಶದಲ್ಲಿ ಹಾರುತ್ತಿರುವ ಕಡುಬು.

"ಅತ್ತೀ, ಏನ್ ಮಾಡಿದ್ರಿ ಇದು!"

"ನಾ ಒದರಿದ್ದು ಖರೇ. ನೀ ಯಾಕ ಒದರಿದಿ?"

ಸುರೇಖಾ ಕ್ಯಾಮೆರಾವನ್ನು ಚೀಲಕ್ಕೆ ತುರುಕಿದಳು. ಕಾಸಿಂಸಾಬ, ತಿಪ್ಪವ್ವ ಕೊಟ್ಟ ಶೇಂಗಾ ಹೋಳಿಗೆ ತಿನ್ನುತ್ತ ಗೇಟಿನ ತನಕ ಬಂದ. ಅತ್ತೆ ಸೊಸೆ ಬಸ್ಸು ಹತ್ತುವಾಗ ಕೈಮುಗಿದು ಕೇಳಿದ:

"ಆಯಿ, ನಮ್ಮ ಹೊಲದಾಗ ಜ್ವಾಳ ಹಾಲುಗಾಳ ಕಟ್ಟೈತ್ರಿ. ಹಕ್ಕಿ ಕಾಟ ತಡಿಯಾಕ ಆಗವಲ್ದು. ಅತ್ತಿ ಸೊಸಿ ಇಬ್ರೂ ಒಂದ್ ವಾರ ಕಾಯಾಕ ಬರ್ತೀರೇನ್ರಿ?"