ಅರಿಶಿನ ಕುಂಕುಮದ ಡೈರೆಕ್ಟ್ ಡೆಬಿಟ್

ಈ ವರದಿ ಬರೆಯಲು ಕೂತಾಗಲೆಲ್ಲ ನನ್ನ ಮಗಳು ಇಂಚರಾ ಬಂದು "ಅಮ್ಮಾ, ಒನ್ ಕ್ವೆಶ್ಚನ್" ಅನ್ನುತ್ತಾಳೆ. ಈಗಲೂ ಬಂದಿದ್ದಳು. ಪ್ರಶ್ನೋತ್ತರ ವೇಳೆ ಕೊನೆಯಲ್ಲಿದೆ ಎಂದು ತಿಳಿಸಿ ವಾಪಸು ಕಳಿಸಿದ್ದೇನೆ. ಕಾರ್ಯದರ್ಶಿಯಾದ ನಾನು ಸದಸ್ಯರ ಗಮನಕ್ಕೆ ತರುವುದೇನೆಂದರೆ, ಅಖಿಲ ಆಸ್ಟ್ರೇಲಿಯಾ ಕನ್ನಡಿಗರ ಕಡಿತ ಸಂಘವು ಸದಸ್ಯರ ಹಣವನ್ನು ಕಡಿತಗೊಳಿಸುವ ಏಕೈಕ ಉದ್ದೇಶದಿಂದ ಸ್ಥಾಪನೆಯಾಗಿದ್ದು, ಆ ಉದ್ದೇಶದಿಂದ ಇಂದಿನವರೆಗೆ ಕದಲಿಲ್ಲ.

ಹಿನ್ನೆಲೆ ಇಷ್ಟು. ಒಂದು ಬ್ಯಾಂಕು, ಬೇರೆ ಬ್ಯಾಂಕು ಬಿಟ್ಟು ತನ್ನಲ್ಲಿಗೆ ಬಂದವರಿಗೆ ಮುನ್ನೂರು ಡಾಲರ್ ಬಹುಮಾನ ಪ್ರಕಟಿಸಿತು. ಷರತ್ತು ಒಂದೇ: ತಿಂಗಳು ಮುಗಿಯುವುದರೊಳಗೆ ಹೊಸ ಖಾತೆಯಿಂದ ಎರಡು ಡೈರೆಕ್ಟ್ ಡೆಬಿಟ್ ಹೋಗಿರಬೇಕು. ಅಂದರೆ ನಾವು ಕೈ ಹಾಕದೆ ಯಾರಾದರೂ ತಾವಾಗಿಯೇ ನಮ್ಮ ಖಾತೆಯಿಂದ ಹಣ ಎತ್ತಿಕೊಂಡಿರಬೇಕು. ಮೊತ್ತ ಎಷ್ಟಾದರೂ ಆಗಬಹುದು. ಕಳೆದುಕೊಳ್ಳುವ ಅಭ್ಯಾಸ ಮುಖ್ಯ.

ಆ ಮುನ್ನೂರು ಡಾಲರ್ ನನಗೆ ಡ್ರೈವಿಂಗ್ ಕ್ಲಾಸಿಗೆ ಬೇಕಿತ್ತು. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಕಾರು ಓಡಿಸಲು ಬಾರದವಳು ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಗಂಡನ ಮೀಟಿಂಗ್ ಮುಗಿಯುವುದನ್ನು ಕಾಯಬೇಕು. ಕ್ಲಾಸಿನ ಮಾತೆತ್ತಿದರೆ ನನ್ನ ಗಂಡ ಅಮೋಘ, "ನಾನಿಲ್ವಾ?" ಅನ್ನುತ್ತಾರೆ. ಇದ್ದಾರೆ. ತೊಂದರೆ ಇರುವುದೇ ಅಲ್ಲಿ.

ನನ್ನ ಹೆಸರಿನಲ್ಲೇ ಖಾತೆ ತೆರೆದೆ. ಆದರೆ ನನ್ನಿಂದ ಹಣ ಕೀಳುವವರು ಯಾರೂ ಇರಲಿಲ್ಲ.

"ರೀ, ಕರೆಂಟ್ ಬಿಲ್ ಒಂದನ್ನ ನನ್ನ ಹೆಸರಿಗೆ ಮಾಡ್ಸಿ."

"ಯಾಕೆ ಸುಮ್ನೆ? ಡಿಸ್ಕೌಂಟ್ ಹೋಗ್ಬಿಡತ್ತೆ."

"ಫೋನಾದ್ರೂ?"

"ಅದು ಫ್ಯಾಮಿಲಿ ಪ್ಲಾನ್ ಕಣೇ. ಫ್ಯಾಮಿಲಿ ಅಂದ್ರೆ ನನ್ ಹೆಸರು."

ಬ್ಯಾಂಕು, ಅಂಗಡಿಗಳ ಆಫರ್ ಹಂಚಿಕೊಳ್ಳುವ ಕನ್ನಡಿಗರ ವಾಟ್ಸಾಪ್ ಬಳಗದಲ್ಲಿ ಕಷ್ಟ ಹೇಳಿಕೊಂಡೆ. ಬ್ರಿಸ್ಬೇನ್‌ನ ರನ್‌ಕಾರ್ನ್‌ನಿಂದ ಇಂದುಮತಿ ಆಂಟಿ, ಅಡಿಲೇಡ್‌ನ ಬ್ಲೇರ್ ಅಥಾಲ್‌ನಿಂದ ಡಾಕ್ಟರ್ ಪಂಚಾಕ್ಷರಿ ಅಂಕಲ್ ಕೂಡಲೇ ಫೋನ್ ಮಾಡಿ ತಮ್ಮದೂ ಅದೇ ಕಷ್ಟ ಎಂದರು. ಆಂಟಿಯ ಬಿಲ್ಲುಗಳು ಮಗನ ಹೆಸರಿನಲ್ಲಿದ್ದವು. ಡಾಕ್ಟರ ಬಿಲ್ಲುಗಳು ಇನ್ನೊಂದು ಬ್ಯಾಂಕಿನಲ್ಲಿ ಇನ್ನೊಂದು ಬಹುಮಾನದ ಕೆಲಸದ ಮೇಲಿದ್ದವು.

"ಅಂಕಲ್, ನಿಮಗೂ ಮುನ್ನೂರು ಡಾಲರ್ ಬೇಕಾ?"

"ಬೀಪಿ ಬಡವರಿಗೂ ಬರತ್ತೆ, ಸಾಹುಕಾರರಿಗೂ ಬರತ್ತೆ ಕಣಮ್ಮ."

ಪರರ ಖಾತೆಗೆ ಕೈ ಹಾಕುವ ಸೌಲಭ್ಯ ನೋಂದಾಯಿತ ಸಂಸ್ಥೆಗೆ ಮಾತ್ರ ಸಿಗುತ್ತದೆಂದು ತಿಳಿದ ಮೇಲೆ ಸಂಘವನ್ನು ನೋಂದಾಯಿಸಿದೆವು. ಆಂಟಿ ಅಧ್ಯಕ್ಷೆ, ಡಾಕ್ಟರು ಖಜಾಂಚಿ. ನಿಯಮಾವಳಿ ಹೀಗಿದೆ:

ಒಂದು, ಪ್ರತಿ ಸದಸ್ಯರಿಂದ ತಿಂಗಳಿಗೆ ಒಂದು ಡಾಲರ್ ಸದಸ್ಯತ್ವ ಶುಲ್ಕ ಕಡಿತಗೊಳಿಸತಕ್ಕದ್ದು.

ಎರಡು, ಸದರಿ ಶುಲ್ಕವನ್ನು ಹಿಂದಿರುಗಿಸುವ ಸೇವೆಗಾಗಿ ಮತ್ತೊಂದು ಡಾಲರ್ ಕಡಿತಗೊಳಿಸತಕ್ಕದ್ದು.

ಮೂರು, ಎರಡನ್ನೂ ಮುಂದಿನ ಸೋಮವಾರ ಮುಯ್ಯಿಯ ರೂಪದಲ್ಲಿ ಹಿಂದಿರುಗಿಸತಕ್ಕದ್ದು. ಸಂಘದ ಬಳಿ ಹಣ ಉಳಿದಲ್ಲಿ ಅದನ್ನು ಅವ್ಯವಹಾರವೆಂದು ಪರಿಗಣಿಸಲಾಗುವುದು.

ನೋಂದಣಿ ಕೈಗೆ ಬರುವಷ್ಟರಲ್ಲಿ ಕಡಿತಕ್ಕೆ ತಿಂಗಳ ಕೊನೆಯ ದಿನ ಮಾತ್ರ ಉಳಿದಿತ್ತು. ಅದು ಶುಕ್ರವಾರ. ಮೂವರ ವಿಡಿಯೋ ಕಾಲ್‌ನಲ್ಲಿ ಅಧ್ಯಕ್ಷೆ ಆಕ್ಷೇಪವೆತ್ತಿದರು.

"ಶುಕ್ರವಾರ ಲಕ್ಷ್ಮಿನ ಮನೆಯಿಂದಾಚೆ ಕಳಿಸ್ತಾರಾ? ನಾನಂತೂ ಒಪ್ಪಿಗೆ ಕೊಡಲ್ಲಮ್ಮ."

"ಆಂಟಿ, ಹೋಗೋದು ಒಂದೊಂದು ಡಾಲರ್."

"ಲಕ್ಷ್ಮಿಗೆ ನೋಟು, ಚಿಲ್ಲರೆ ಅಂತ ಭೇದ ಇದ್ಯೇನೇ?"

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. "ನೋಡಿ ಇಂದುಮತಿಯವ್ರೇ, ಬ್ರಿಸ್ಬೇನಲ್ಲಿ ಶುಕ್ರವಾರ ಶುರುವಾದಾಗ ಪರ್ತಲ್ಲಿ ಇನ್ನೂ ಗುರುವಾರಾನೇ."

"ಲಕ್ಷ್ಮಿ ಯಾವೂರ ಗಡಿಯಾರ ನೋಡ್ತಾಳೆ ಅಂತ ಬರ್ಕೊಡಿ ಡಾಕ್ಟ್ರೇ, ಒಪ್ಕೋತೀನಿ."

ಔಷಧ ಬಿಟ್ಟು ಬೇರೇನನ್ನೂ ತಾವು ಬರೆದುಕೊಡುವುದಿಲ್ಲ ಎಂದು ಡಾಕ್ಟರು ಸ್ಪಷ್ಟಪಡಿಸಿದರು. ಅಧ್ಯಕ್ಷೆಯ ಒಪ್ಪಿಗೆ ಇಲ್ಲದೆ ಕಡಿತವಿಲ್ಲ, ಕಡಿತವಿಲ್ಲದೆ ಬಹುಮಾನವಿಲ್ಲ. ನಾನು ಇನ್ನು ಸಾಯುವವರೆಗೂ ಕಾರಿನ ಎಡಗಡೆ ಸೀಟಿನಲ್ಲೇ ಕೂತು "ಬ್ರೇಕು, ಬ್ರೇಕು" ಅಂತ ಕೂಗುವುದು ಖಾತ್ರಿಯಾಯಿತು. ಆಗ ಹೊಳೆಯಿತು.

"ಆಂಟಿ, ಶುಕ್ರವಾರ ಮನೆಗೆ ಬಂದ ಮುತ್ತೈದೆಗೆ ತಾಂಬೂಲದಲ್ಲಿ ದುಡ್ಡು ಇಟ್ಟು ಕೊಡಲ್ವಾ?"

"ಕೊಡ್ದೆ ಇರ್ತೀವಾ? ಆದ್ರೆ ಅದು ದುಡ್ಡು ಕೊಡೋದಲ್ಲ. ಅರಿಶಿನ ಕುಂಕುಮ ಕೊಡೋದು."

"ಇದೂ ಅದೇ ಅಂತ ಬರ್ಕೊಂಡ್ರೆ?"

ಆಂಟಿ ಮುಖ ಅರಳಿತು. ಶುಕ್ರವಾರದ ಕಡಿತವನ್ನು ಕಡಿತವೆಂದು ಪರಿಗಣಿಸತಕ್ಕದ್ದಲ್ಲ, ಮೊದಲನೆಯ ಡಾಲರನ್ನು ಅರಿಶಿನ ಕುಂಕುಮವೆಂದೂ ಎರಡನೆಯದನ್ನು ತಾಂಬೂಲವೆಂದೂ ನಮೂದಿಸತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಡಾಕ್ಟರ ಕೋರಿಕೆಯ ಮೇರೆಗೆ ಅವರ ಮೊದಲ ಡಾಲರನ್ನು ವಿಭೂತಿ ಎಂದು ತಿದ್ದಲಾಯಿತು.

ಶುಕ್ರವಾರ ಹಣ ಹೋಯಿತು. ಸೋಮವಾರ ವಾಪಸು ಬಂತು. ಮಂಗಳವಾರ ಬ್ಯಾಂಕಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, ಅರಿಶಿನ ಕುಂಕುಮ ಎಂಬುದು ಕರೆಂಟೋ, ಗ್ಯಾಸೋ, ಇನ್ಶೂರೆನ್ಸೋ, ಯಾವ ಪಟ್ಟಿಗೆ ಸೇರಿಸಲಿ ಎಂದು ಕೇಳಿದಳು. ನನಗೆ ಬರುವ ಇಂಗ್ಲಿಷಿನಲ್ಲಿ ವಿಚಾರಣೆ ನಡೆಯಿತು.

"ಇನ್ಶೂರೆನ್ಸ್ ಅನ್ನಬಹುದು," ಎಂದೆ.

"ಯಾರಿಗೆ ಕವರ್?"

"ಗಂಡನಿಗೆ."

"ಪ್ರೀಮಿಯಂ ಕಟ್ಟುವವರು?"

"ಹೆಂಡತಿ."

"ಅವರಿಗೆ ಏನಾದರೂ ಆದರೆ ನಿಮಗೆ ಎಷ್ಟು ಸಿಗುತ್ತೆ?"

"ಏನೂ ಇಲ್ಲ. ಅವತ್ತೇ ಪಾಲಿಸಿ ರದ್ದು."

ಆಕೆ ಅದನ್ನೂ ಟೈಪ್ ಮಾಡಿಕೊಂಡಳು. ನಂತರ, ತಾನು ಇನ್ಶೂರೆನ್ಸ್ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿರುವುದಾಗಿಯೂ ಇದರಲ್ಲಿ ತನಗೆ ವಿಚಿತ್ರವಾದದ್ದೇನೂ ಕಾಣುತ್ತಿಲ್ಲವೆಂದೂ ಹೇಳಿ ಮಂಜೂರು ಮಾಡಿದಳು.

ಮುನ್ನೂರು ಡಾಲರ್ ಬಂತು. ಮೂವರಿಗೂ ಬಂತು. ಮುಂದಿನ ತಿಂಗಳು ಬ್ಯಾಂಕು ಹೊರಡಿಸಿದ ಪ್ರಕಟಣೆಯಲ್ಲಿ, ಬಹುಮಾನಕ್ಕೆ ಅರ್ಹವಾದ ಡೈರೆಕ್ಟ್ ಡೆಬಿಟ್‌ಗಳ ಸಾಲಿನಲ್ಲಿ ಕರೆಂಟು, ನೀರು, ಜಿಮ್ ಆದ ಮೇಲೆ ಅರಿಶಿನ ಕುಂಕುಮವೂ ಇತ್ತು. ಅಲ್ಲಿಂದಾಚೆಗೆ ಸದಸ್ಯರು ಕನ್ನಡಿಗರೇ ಆಗಿರಬೇಕೆಂಬ ಹಟ ಬಿಟ್ಟೆವು. ಪಕ್ಕದ ಮನೆ ಷೆರಿಲ್ ಮೊನ್ನೆ ಬೇಲಿಯಾಚೆಯಿಂದ, "ಈ ತಿಂಗಳು ನನ್ನ ಕುಂಕುಮ ಇನ್ನೂ ಕಟ್ ಆಗಿಲ್ಲ, ಲವ್" ಎಂದು ದೂರಿದಳು. ಅವಳಿಗೆ ಗಂಡನಿಲ್ಲ. ನಾಯಿಯ ಹೆಸರಿನಲ್ಲಿ ಕಟ್ಟುತ್ತಾಳೆ. ನಿಯಮದಲ್ಲಿ ಅಡ್ಡಿಯಿಲ್ಲ.

ಕಳೆದ ವಾರ ಅಮೋಘ ಅಡುಗೆಮನೆ ಬಾಗಿಲಲ್ಲಿ ನಿಂತರು.

"ನಾನೂ ಆ ಬ್ಯಾಂಕಲ್ಲಿ ಅಕೌಂಟ್ ತೆಗ್ದಿದೀನಿ ಕಣೇ. ಕರೆಂಟ್ ಬಿಲ್ ಅಲ್ಲಿಗೆ ಹಾಕಿದ್ರೆ ಡಿಸ್ಕೌಂಟ್ ಹೋಗತ್ತೆ. ನಂಗೂ ಎರಡು ಕಡಿತ ಹಾಕ್ಕೊಡ್ತೀಯಾ?"

"ಅರ್ಜಿ ಕೊಡಿ. ಅಧ್ಯಕ್ಷೆ ಶುಕ್ರವಾರ ಅರ್ಜಿ ನೋಡಲ್ಲ."

"ನಾನು ನಿನ್ ಗಂಡ ಕಣೇ!"

"ಅದಕ್ಕೆ ಬೇರೆ ಕಾಲಂ ಇದೆ. ಅಲ್ಲಿ ಬರೀರಿ."

ಬರೆದರು. ಪರಿಶೀಲನೆಯಲ್ಲಿದೆ.

ಇಂದು ನನ್ನ ಮೊದಲ ಡ್ರೈವಿಂಗ್ ಕ್ಲಾಸು. ಹೊರಗೆ ಕಾರು ಬಂದು ನಿಂತಿದೆ, ಹಾರ್ನ್ ಕೇಳಿಸುತ್ತಿದೆ. ಆದ್ದರಿಂದ ವರದಿಯನ್ನು ಇಲ್ಲಿಗೆ ಮುಗಿಸಿ ಪ್ರಶ್ನೋತ್ತರ ವೇಳೆಗೆ ಇಂಚರಾಳನ್ನು ಕರೆದೆ. ಬ್ಯಾಂಕಿನವಳ ಜೊತೆ ನಾನಾಡಿದ್ದನ್ನೆಲ್ಲ ಅವಳು ಅವತ್ತು ಮೇಜಿನ ಕೆಳಗೆ ಕೂತು ಕೇಳಿಸಿಕೊಂಡಿದ್ದಳಂತೆ. ಪ್ರಶ್ನೆ ಕೇಳಿದಳು. ನಿಯಮಾವಳಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಅಧ್ಯಕ್ಷೆಗೆ ಫೋನ್ ಮಾಡಿದೆ, ಮುಂದಿನ ಸಭೆಗೆ ಇಡು ಎಂದರು. ಆದ್ದರಿಂದ ಪ್ರಶ್ನೆಯನ್ನು ಕೇಳಿದಂತೆಯೇ ಇಲ್ಲಿ ನಮೂದಿಸುತ್ತಿದ್ದೇನೆ:

"ಅಮ್ಮಾ, ಅರಿಶಿನ ಕುಂಕುಮ ಕವರ್ಸ್ ಡ್ಯಾಡಿ. ಹೂ ಕವರ್ಸ್ ಯೂ?"