ಕೇಜಿನಲ್ಲಿ ಜನ ಇದ್ದಾರೆ

ಗಂಡನ ಬಾಯಿ ಮುಚ್ಚಿಸುವುದು ಹೇಗೆ ಎಂದು ಚಿಂತೆ ಮಾಡುವ ಹೆಂಗಸರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಕೋರಮಂಡಲ್ ಲೈನಿನಲ್ಲಿ ಬೀದಿ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಾಗ ಒಬ್ಬಳು, ಅನ್ನ ಮೆತ್ತಗಾಯಿತೆಂದು ತನ್ನ ಗಂಡ ಊಟ ಮುಗಿಯುವವರೆಗೂ ಕೂಗಾಡಿದ ಕಥೆ ಹೇಳುತ್ತಾಳೆ. ಇನ್ನೊಬ್ಬಳು, ತನ್ನವನು ನಿದ್ದೆಯಲ್ಲೂ ಮೇಸ್ತ್ರಿಯನ್ನು ಬೈಯುತ್ತಾನೆ ಅನ್ನುತ್ತಾಳೆ. ನನ್ನ ಸರದಿ ಬಂದಾಗ ಹೇಳುವುದಕ್ಕೆ ಏನೂ ಇರುವುದಿಲ್ಲ. ನಮ್ಮ ಯಜಮಾನರು ಊಟದ ಹೊತ್ತಿನಲ್ಲಿ "ಉಪ್ಪು" ಅನ್ನುತ್ತಾರೆ, ಅಷ್ಟೇ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ನಾನೇ ಸಾರು ರುಚಿ ನೋಡಿ ತಿಳಿದುಕೊಳ್ಳಬೇಕು. ಹಾಗೆಂದು ಸಿಡುಕಿನ ಮನುಷ್ಯರಲ್ಲ, ಅದು ದೇವರ ದಯೆ. ಕುಡಿಯುವುದಿಲ್ಲ, ಅದೂ ದೇವರ ದಯೆ. ಎರಡು ದಯೆ ತೋರಿಸಿದ ದೇವರನ್ನು ಮೂರನೆಯದಕ್ಕೆ ಪೀಡಿಸಬಾರದೆಂದು ನಾನು ಬಹಳ ಕಾಲ ಸುಮ್ಮನಿದ್ದೆ.

ಅವರ ಮೌನಕ್ಕೆ ಕಾರಣ ಅವರ ಕೆಲಸ ಎಂದು ನನ್ನ ನಂಬಿಕೆ. ಅವರು ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಶಾಫ್ಟ್ ಎಂದರೆ ಗಣಿಯ ಬಾವಿ. ಅದರೊಳಗೆ ಹಗ್ಗದಲ್ಲಿ ತೂಗುವ ಕಬ್ಬಿಣದ ಪಂಜರವೇ ಕೇಜು. ಜನ ಅದರಲ್ಲಿ ನಿಂತು ಪಾತಾಳಕ್ಕೆ ಇಳಿಯುತ್ತಾರೆ, ಬೆವರಿಳಿಸಿ ಮೇಲೆ ಬರುತ್ತಾರೆ. ಅವರನ್ನು ಇಳಿಸಿ ಹತ್ತಿಸುವ ಯಂತ್ರದ ಹಿಡಿ ಇವರ ಕೈಯಲ್ಲಿ. ಇವರಿಗೆ ಕೇಜೂ ಕಾಣುವುದಿಲ್ಲ, ಜನರೂ ಕಾಣುವುದಿಲ್ಲ. ಎದುರಿಗೆ ಕೇಜಿನ ಆಳ ತೋರಿಸುವ, ದೊಡ್ಡ ಗಡಿಯಾರದಂಥ ಮುಳ್ಳು, ಕೆಳಗಿನವರು ಹೊಡೆದು ಕಿವಿಗೆ ಬೀಳುವ ಬೆಲ್ಲು, ಅಷ್ಟರಲ್ಲೇ ಎಲ್ಲ ತಿಳಿಯಬೇಕು. ಆ ಯಂತ್ರದ ಮನೆಯ ಗೋಡೆಗೆ ಒಂದು ಬೋರ್ಡು ಇದೆಯಂತೆ: ಕೇಜಿನಲ್ಲಿ ಜನ ಇರುವಾಗ ಡ್ರೈವರನ್ನು ಯಾರೂ ಮಾತಾಡಿಸಕೂಡದು. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನನಗೆ ಹೆಮ್ಮೆಯಾಗಿತ್ತು. ಆ ಬೋರ್ಡನ್ನು ಅವರು ಮನೆಗೂ ಹೊತ್ತು ತಂದಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ನಮ್ಮ ಮನೆಯ ಕೇಜಿನಲ್ಲಿ ಸದಾ ಯಾರೋ ಇರುತ್ತಿದ್ದರು.

ಹಾಗಾಗಿ ಮನೆಯ ಮಾತನ್ನೆಲ್ಲ ನಾನು ದೇವರ ಹತ್ತಿರವೇ ಆಡಿ ಮುಗಿಸುತ್ತಿದ್ದೆ. ನಮ್ಮೂರಿಗೆ ಹತ್ತಿರದ ಬಂಗಾರು ತಿರುಪತಿಯಲ್ಲಿ ಕಿಟಕಿಯ ಕಿಂಡಿಗಳಿಂದಷ್ಟೇ ದರ್ಶನ ಕೊಡುವ ವೆಂಕಟರಮಣಸ್ವಾಮಿ ನಮ್ಮ ಮನೆದೇವರು. ಪಟದ ಮುಂದೆ ಕೂತು ಗಂಟೆ ಬಾರಿಸುತ್ತ ಸೀಮೆಎಣ್ಣೆ ಸಿಗದ್ದು, ಪಕ್ಕದ ಮನೆಯ ಮೇಕೆ ಸೀರೆ ತಿಂದದ್ದು, ಮೈಸೂರು ಮೈನ್ಸಿನ ಹತ್ತಿರ ಯಾರದೋ ಮಗಳು ಮೈನೆರೆದದ್ದು, ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಮಂಗಳಾರತಿ ಆಗುವ ಹೊತ್ತಿಗೆ ಊರಿನ ಸಮಾಚಾರವೂ ಮುಗಿದಿರುತ್ತಿತ್ತು. ಸ್ವಾಮಿ ಒಮ್ಮೆಯೂ ನಡುವೆ ಬಾಯಿ ಹಾಕಿದವನಲ್ಲ.

ಗಣಿ ಸರ್ಕಾರದ ಕೈಗೆ ಬಂದು ಬಿಳಿ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದ ಕಾಲ. ಯಜಮಾನರಿಗೆ ಹೊಟ್ಟೆನೋವು ಬಂತು. ಅದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ. ಕೆಲಸ ಮುಗಿಸಿ ಬಂದು ಜಗಲಿಯ ಮೇಲೆ ಮಡಚಿಟ್ಟ ಕಂಬಳಿಯಂತೆ ಮಲಗಿದಾಗ ನಾನೇ ಊಹಿಸಿಕೊಂಡೆ. ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಒತ್ತಿ ನೋಡಿ, ಕರುಳಿನಲ್ಲಿ ತೊಂದರೆ, ಕೊಯ್ಯಲೇಬೇಕು ಅಂದರು. ಕೊಯ್ದರು. ಉಳಿಸಿಕೊಟ್ಟರು, ಅವರ ಕೈ ತಣ್ಣಗಿರಲಿ. ಆಮೇಲೆ ನನ್ನನ್ನು ಹೊರಗೆ ಕರೆದು ಹೇಳಿದರು: "ನೋಡಮ್ಮ, ನೋವು ಜಾಸ್ತಿ ಇರುತ್ತೆ, ಮಾರ್ಫಿಯಾ ಸೂಜಿ ಹಾಕ್ತಿದೀವಿ. ಆ ಮತ್ತಲ್ಲಿ ಏನಾದರೂ ಮಾತಾಡಬಹುದು, ಹೆದರಬೇಡಿ. ಆದರೆ ಎದ್ದು ಕೂರೋದಕ್ಕೆ ಮಾತ್ರ ಬಿಡಬೇಡಿ. ಹೊಲಿಗೆ ಬಿಚ್ಚಿಕೊಂಡರೆ ಇನ್ನೊಂದು ಸಲ ಕೊಯ್ಯೋದನ್ನ ಆ ದೇಹ ತಡೆಯಲ್ಲ." ನಾನು ತಲೆಯಾಡಿಸಿದೆ. ಎದ್ದು ಕೂರುವ ಮಾತು ನನಗೆ ಹೆದರಿಕೆ ಹುಟ್ಟಿಸಿತು. ಇವರು ಮಾತಾಡುವುದು ಎಂದಾಗ ಮಾತ್ರ, ಪಾಪ, ಡಾಕ್ಟರಿಗೆ ನಮ್ಮ ಮನೆಯ ವಿಷಯ ಗೊತ್ತಿಲ್ಲ ಅಂದುಕೊಂಡೆ.

ಕಣ್ಣು ಬಿಟ್ಟವರು ಮೊದಲು ನಕ್ಕರು.  ಅವರ ಹಲ್ಲುಸಾಲು ಅಷ್ಟು ಅಚ್ಚುಕಟ್ಟಾಗಿದೆ ಎಂದು ನನಗೆ ಅಂದೇ ತಿಳಿದದ್ದು. ಕಣ್ಣುಗಳು ಕೆರೆಯ ನೀರಿನ ಮೇಲಿನ ಬೆಳಕಿನ ಹಾಗೆ ಎಲ್ಲಿಯೂ ನಿಲ್ಲದೆ ತೇಲುತ್ತಿದ್ದವು. ಕಿಟಕಿಯಾಚೆ ನೀಲಗಿರಿ ಮರಗಳ ಹಿಂದೆ, ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನೋಡಿ ನರ್ಸಮ್ಮನಿಗೆ ಗುಟ್ಟಾಗಿ ಹೇಳಿದರು: "ಸಿಸ್ಟರ್, ಅಕ್ಕಿ ಇಟ್ಟಿನ ಗುಡ್ಡ ನೋಡಿ ಎಷ್ಟು ದೊಡ್ಡದು. ನಮ್ಮನೆಯವಳಿಗೆ ಮಾತ್ರ ತೋರಿಸಬ್ಯಾಡಿ. ಅಷ್ಟಕ್ಕೂ ರೊಟ್ಟಿ ತಟ್ಟೋಕೆ ಕೂತ್ಕೊತಾಳೆ, ಕೈ ನೋಯ್ತದೆ ಅಂತಾನೂ ಅನ್ನಲ್ಲ." ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹೋದಳು. ಆಮೇಲೆ ಅವರು ನನ್ನ ಕಡೆ ತಿರುಗಿ, ನನ್ನ ಹೆಸರು ಹಿಡಿದು ಕರೆದರು. ಮದುವೆಯಾದಾಗಿನಿಂದ ನಾನು "ಇವಳೇ" ಆಗಿದ್ದವಳು. ಅವರಿಗೆ ನನ್ನ ಹೆಸರು ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನವೂ ಒಂದೊಂದು ಸಲ ಬರುತ್ತಿತ್ತು.

"ಮುನಿಲಕ್ಷ್ಮೀ, ಬೂದಿಕೋಟೆಯಿಂದ ನಿನ್ನ ಮೊದಲ್ನೇ ಸಲ ಬಸ್ಸಲ್ಲಿ ಕರಕೊಂಡು ಬಂದಾಗ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡು ಬಂದೆ, ನೆಪ್ಪೈತಾ? ಆವಾಗ್ಲೂ ಚೆಂದಾಗೇ ಕಾಣ್ತಿದ್ದೆ ಕಣೇ."

ಇಡೀ ವಾರ್ಡು ಕೇಳಿಸಿಕೊಂಡಿತು. ಪಕ್ಕದ ಮಂಚದಲ್ಲಿ ತಂಗವೇಲು ಎಂಬ ತಮಿಳು ಹಿರಿಯರು ಮುರಿದ ಕಾಲಿಗೆ ಪ್ಲಾಸ್ಟರು ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಗಣಿಯೊಳಗೆ ಇಳಿದು ದುಡಿಯುವವರು. ಅವರು ಸೂರು ನೋಡುತ್ತಲೇ ಹೇಳಿದರು: "ಅಯ್ಯೋ ಸಾಮಿ, ಇಷ್ಟು ವರ್ಷ ಇವರ ಕೈಯಿಂದ ಕೀಳೆ ಮೇಲೆ ಓಗಿ ಬಂದಿದೀನಿ. ಒಂದು ಮಾತು ಆಡಿದ್ದು ಕೇಳಿಲ್ಲ. ಇವತ್ತು ರೇಡಿಯೋ ಆಗೋದ್ರಲ್ಲಮ್ಮಾ." ನಾನು ಸೆರಗು ಮುಖದ ಮೇಲೆಳೆದುಕೊಂಡು ಮಂಚದ ಕಾಲು ನೋಡುತ್ತ ಕೂತೆ. ನಾಚಿಕೆಯಾಗಿತ್ತು, ನಿಜ. ಆದರೆ ಎದ್ದು ಹೋಗಬೇಕು ಅನ್ನಿಸುವಷ್ಟಲ್ಲ.

ಇಷ್ಟರಲ್ಲಿ ಬಂಗಾರಪೇಟೆಯಿಂದ ರೈಲಿನಲ್ಲಿ ನಮ್ಮ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ಡಬ್ಬಿಯ ತುಂಬ ಕೋಡುಬಳೆ ಹೊತ್ತು ಬಂದರು. ಆಕೆ ಬಂದಾಗಲೆಲ್ಲ ಕೋಡುಬಳೆ ಬರುತ್ತದೆ. ತಮ್ಮನ ತಲೆ ಸವರಿ, "ಎಂಗಿದೀಯಪ್ಪಾ?" ಅಂದರು. ಇವರು ಆಕೆಯ ಕೈ ಹಿಡಿದುಕೊಂಡು ಬೆಣ್ಣೆಯಂಥ ದನಿಯಲ್ಲಿ, "ಅಕ್ಕಾ, ನಿನ್ನ ಮನಸ್ಸು ಚಿನ್ನ. ನಿನ್ನ ಕೋಡುಬಳೆ ಮಾತ್ರ ಕಲ್ಲು. ಪಕ್ಕದ ಮನೆ ಮೇಕೆಗೆ ಆಕಿದ್ವಿ, ಅದೂ ಮೂಸಿ ನೋಡಿ ಓಯ್ತು" ಅಂದರು. ಸೀರೆ ತಿಂದ ಮೇಕೆಯೇ ಅದು. ಅತ್ತಿಗೆ ನನ್ನ ಕಡೆ ನೋಡಿದ ನೋಟಕ್ಕೆ ನಾನು ಇನ್ನಷ್ಟು ಚಿಕ್ಕವಳಾದೆ. ನಂತರ ಅವರು ಧೈರ್ಯವಾಗಿ ತೀರ್ಪು ಕೊಟ್ಟರು: "ಇದು ನನ್ನ ತಮ್ಮ ಅಲ್ಲ ಕಣಮ್ಮಾ. ಅವನ ಬಾಯಲ್ಲಿ ಇಂಥ ಮಾತು ಬತ್ತದಾ? ಶಾಫ್ಟಿಂದ ಯಾವುದೋ ಗಾಳಿ ಮೆಟ್ಕೊಂಡದೆ." ಮೆಣಸಿನಕಾಯಿ ನಿವಾಳಿಸಲು ಹೊರಟವರನ್ನು ನರ್ಸಮ್ಮ ಬಾಗಿಲಲ್ಲೇ ತಡೆದಳು.

ಗಾಳಿಯಲ್ಲ ಎಂದು ನನಗೆ ಗೊತ್ತಿತ್ತು. ಗಾಳಿಗೆ ನನ್ನ ಬಸ್ಸಿನ ವಾಂತಿಯ ವಿಷಯ ತಿಳಿಯುವುದು ಹೇಗೆ? ಆದರೂ ಮಧ್ಯಾಹ್ನ ಏರಿದಂತೆ ಆ ನಗುಮೊಗದ, ನಯಮಾತಿನ ಮನುಷ್ಯನ ಪಕ್ಕ ಕೂತು ನನಗೆ ಯಾರದೋ ಮನೆಗೆ ಬಂದು ಕೂತ ಹಾಗೆ ಆಯಿತು. ಸುಖವೂ ಹೌದು, ಭಯವೂ ಹೌದು. ಇವರು ಹೀಗೇ ತೇಲುತ್ತ ತೇಲುತ್ತ ನನ್ನ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟರೆ? ಕಣ್ಣು ಮುಚ್ಚಿ ಬೇಡಿಕೊಂಡೆ: "ಸ್ವಾಮಿ, ಮೊದಲು ಹೇಗಿದ್ದರೋ ಹಾಗೇ ಮಾಡಿ ನನ್ನ ಕೈಗೆ ಕೊಡಪ್ಪ. ಕಿಂಡಿಯ ಮುಂದೆ ತುಪ್ಪದ ದೀಪ ಹಚ್ಚುತ್ತೇನೆ."

ಆಗ ಸಂಗು ಕೂಗಿತು. ಪಾಳಿ ಬದಲಾಗುವಾಗ ಗಣಿಯ ಸೈರನ್ ಕೂಗುವುದಕ್ಕೆ ನಮ್ಮಲ್ಲಿ ಸಂಗು ಅನ್ನುತ್ತಾರೆ. ಯಜಮಾನರ ನಗು ಆರಿಹೋಯಿತು. "ಕೇಜು ನಡುವೆ ನಿಂತೈತೆ," ಅಂದರು. "ಜನ ಅವ್ರೆ." ಅಂದವರೇ ಮೊಣಕೈ ಊರಿ ಏಳತೊಡಗಿದರು. ನಾನು ಹೆಗಲು ಹಿಡಿದೆ, ಅತ್ತಿಗೆ ಕಾಲು ಹಿಡಿದರು, ನರ್ಸಮ್ಮ ಡಾಕ್ಟರನ್ನು ಕರೆಯಲು ಓಡಿದಳು. ಹೊಟ್ಟೆಯ ಮೇಲಿನ ಪಟ್ಟಿಯಲ್ಲಿ ಸಣ್ಣಗೆ ಕೆಂಪು ಒಸರಿತು.  "ರೀ, ಇದು ಆಸ್ಪತ್ರೆ, ಮಲಕ್ಕೊಳ್ರೀ," ಅಂದೆ. ಅವರು ಬಹಳ ಮರ್ಯಾದೆಯಿಂದ, "ಕೇಜಲ್ಲಿ ಜನ ಇರೋವಾಗ ಮಾತಾಡಿಸಬಾರದು ತಾಯಿ. ಬೋರ್ಡು ನೋಡಿಲ್ವಾ?" ಅಂದು ನನ್ನ ಕೈ ಸರಿಸಿದರು.

ಮಾತು ಆಡುವ ಹಾಗಿಲ್ಲ ಎಂದಮೇಲೆ ನನಗೆ ಉಳಿದದ್ದು ಒಂದೇ. ಮನೆಯಿಂದ ತಂದ ಚೀಲದಲ್ಲಿ ನನ್ನ ಪೂಜೆಯ ಗಂಟೆ ಇತ್ತು. ವಾರ್ಡಿನಲ್ಲಿ ಬಾರಿಸಬಾರದೆಂದು ನರ್ಸಮ್ಮ ಹೇಳಿದ್ದರಿಂದ ಅದರ ನಾಲಿಗೆಗೆ ಬಟ್ಟೆ ಸುತ್ತಿಟ್ಟಿದ್ದೆ. ಬಟ್ಟೆ ಕಿತ್ತು ಬಾರಿಸಿದೆ. ಆದರೆ ನನಗೆ ಬರುವುದು ಒಂದೇ ಬಗೆ, ಮಂಗಳಾರತಿಯದು. ಕೈ ತಾನಾಗಿ ಬಿಡದೆ ಗಣಗಣ ಆಡಿತು. ಇದರಿಂದ ಅವರು ಕೂತೇಬಿಡುವಷ್ಟು ಗಾಬರಿಯಾದರು. "ಯಾವನ್ಲಾ ಅವ್ನು ಬೆಲ್ ಒಡಿಯೋನು? ಎಲ್ಲಾರ್ನೂ ಸಾಯಿಸ್ತೀಯಾ?"

"ಅಮ್ಮಾ, ಸಾಮಿ ಪೂಜೆ ಬೇಡಮ್ಮಾ," ತಂಗವೇಲು ಮಲಗಿದಲ್ಲಿಂದಲೇ ಮೆಲ್ಲಗೆ ಹೇಳಿದರು. "ಒಂದು ತಟ್ಟು. ನಿಲ್ಸು ಅಂತ."

ಒಂದು ತಟ್ಟಿದೆ. ಏಳುತ್ತಿದ್ದವರು ಅಲ್ಲಾಡದೆ ಉಳಿದರು. "ಈಗ ಮೂರು. ಒಳಗೆ ಮನುಷ್ಯರು ಅಂತ. ಸ್ವಲ್ಪ ಬಿಟ್ಟು ಒಂದು. ಮೇಲೆತ್ತು ಅಂತ," ಅಂದರು ತಂಗವೇಲು. ತಟ್ಟಿದೆ. ಗಂಟೆಯ ಮೇಲಿನ ಹನುಮಂತ ನನ್ನ ಬೆವರಿನಲ್ಲಿ ಒದ್ದೆಯಾಗಿದ್ದ. ಯಜಮಾನರು ನಿಧಾನವಾಗಿ ದಿಂಬಿಗೆ ಒರಗಿದರು, ಮಂಚದ ಅಂಚಿನ ಕಬ್ಬಿಣವನ್ನು ಹಿಡಿಯಂತೆ ಹಿಡಿದರು, ಗೋಡೆಯ ಗಡಿಯಾರದ ಮುಳ್ಳಿನಲ್ಲಿ ಕಣ್ಣಿಟ್ಟರು. ಕೈ ಕೂದಲೆಳೆಯಷ್ಟು ಸರಿಯಿತು. ಅತ್ತಿಗೆಯೂ ಹಿಡಿದ ಕಾಲು ಬಿಡದೆ ಅದೇ ಮುಳ್ಳನ್ನು ನೋಡತೊಡಗಿದರು. ನಾನು ಎಂದೂ ಗಣಿಯೊಳಗೆ ಇಳಿದವಳಲ್ಲ. ಆದರೂ ಆ ಹೊತ್ತು ಕಾಲ ಕೆಳಗಿನ ನೆಲ ಸದ್ದಿಲ್ಲದೆ ಮೇಲೇರುತ್ತಿರುವಂತೆ, ಬೆಳ್ಳಗಿನ ಮಂಚಗಳೆಲ್ಲ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಕತ್ತಲೊಳಗಿಂದ ಬೆಳಕಿಗೆ ತೇಲಿ ಬರುತ್ತಿರುವಂತೆ ಅನ್ನಿಸಿತು. ಕಿಟಕಿಯಾಚೆಯ ಬಿಳಿ ದಿಬ್ಬ ನಮ್ಮ ಜೊತೆಗೇ ಏರುತ್ತಿತ್ತು. ಇಷ್ಟು ವರ್ಷ ಇವರು ದಿನವೂ ಹೀಗೆ ಉಸಿರು ಬಿಗಿಹಿಡಿದಿದ್ದರೆ, ಮನೆಗೆ ಬಂದು ಆಡಲು ಉಸಿರಾದರೂ ಎಲ್ಲಿ ಉಳಿದಿರುತ್ತದೆ?

ಕೈ ನಿಂತಿತು. "ಎಲ್ಲಾ ಬಂದ್ರಾ?" ಅಂದರು.

 "ಬಂದಾಚು ಸಾಮಿ," ಅಂದರು ತಂಗವೇಲು. ಆಚೆ ಮಂಚದವನು, "ಬಂದ್ವಿ ಅಣ್ಣಾ," ಅಂದ. ಅದರಾಚೆಯವನು ತೆಲುಗಿನಲ್ಲಿ, "ವಚ್ಚೇಸಿನಾಮು," ಅಂದ. ಕೆಮ್ಮುತ್ತಿದ್ದವನು ಕೆಮ್ಮು ನಿಲ್ಲಿಸಿ ತಾನೂ ಬಂದೆ ಅಂದ. ಹೀಗೆ ಬಾಗಿಲವರೆಗೂ ಒಬ್ಬೊಬ್ಬರೇ ಬಂದರು.

"ನಮ್ಮ ಮುನಿಲಕ್ಷ್ಮಿ?"

ವಾರ್ಡೆಲ್ಲ ನನ್ನ ಕಡೆ ನೋಡಿತು. "ಬಂದೌಳೆ," ಅಂದೆ. 

"ಸರಿ, ಬಾಗಿಲು ತೆಗೀರಿ," ಅಂದು ಕಣ್ಣು ಮುಚ್ಚಿದರು. ಡಾಕ್ಟರು ಬಂದು ಪಟ್ಟಿ ಬಿಚ್ಚಿ ನೋಡಿದರು. ಒಂದು ಹೊಲಿಗೆ ಮಾತ್ರ ಎಳೆದುಕೊಂಡಿತ್ತು, ಮಿಕ್ಕವೆಲ್ಲ ಗಟ್ಟಿಯಾಗಿದ್ದವು. ಅದನ್ನೂ ನಾನು ದಯೆಗಳ ಲೆಕ್ಕಕ್ಕೆ ಸೇರಿಸಿಕೊಂಡೆ.

ಸೂಜಿ ಕಡಿಮೆಯಾಯಿತು. ಒಂದು ಬೆಳಿಗ್ಗೆ ಕಣ್ಣು ಬಿಟ್ಟವರು ನನ್ನನ್ನು ನೋಡಿ, "ಇವಳೇ, ನೀರು," ಅಂದರು. ಡಾಕ್ಟರು, "ನಿಮ್ಮವರು ಮೊದಲಿನ ಹಾಗೆ ಆದರಮ್ಮ," ಎಂದು ಸಂತೋಷಪಟ್ಟರು. ನಾನೂ ಪಟ್ಟೆ, ಪಡಲೇಬೇಕಲ್ಲ. ಬಂಗಾರು ತಿರುಪತಿಗೆ ಹೋಗಿ ತುಪ್ಪದ ದೀಪ ಹಚ್ಚಿದೆ. ಕಿಂಡಿಗೆ ಕಣ್ಣಿಟ್ಟು, "ಮೊದಲಿನ ಹಾಗೆ ಮಾಡು ಅಂದದ್ದು ನಿಜ ಸ್ವಾಮಿ. ಒಂದು ಚೂರು ಉಳಿಸಿ ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂದು ಕೇಳಿದೆ. ಹಿಂದಿನವರು ತಳ್ಳಿದರು. ಅತ್ತಿಗೆ ಈಗಲೂ ಬರುತ್ತಾರೆ, ಕೋಡುಬಳೆ ಬರುವುದಿಲ್ಲ. ಯಜಮಾನರನ್ನು ಕೇಳಿದರೆ ಆಸ್ಪತ್ರೆಯದು ಒಂದೂ ನೆನಪಿಲ್ಲವೆಂದು ತಲೆಯಾಡಿಸುತ್ತಾರೆ, ಅದನ್ನೂ ಬಾಯಲ್ಲಿ ಹೇಳುವುದಿಲ್ಲ.

ಒಂದು ಶನಿವಾರ ಪಟದ ಮುಂದೆ ಕೂತು ಎಂದಿನಂತೆ ದೂರು ಶುರುಮಾಡಿದಾಗ ಗಂಟೆ ಎತ್ತಿದ ಕೈ ಅಲ್ಲೇ ನಿಂತಿತು. ಈ ಸ್ವಾಮಿಯೂ ಯಾರ್ಯಾರನ್ನೋ ಕತ್ತಲಿನಿಂದ ಮೇಲೆತ್ತುತ್ತ, ಮುಳ್ಳಿನಲ್ಲಿ ಕಣ್ಣಿಟ್ಟು ಕೂತಿರಬಹುದು. ಅಂಥವನ ಪಕ್ಕ ಕೂತು, ಬೋರ್ಡು ಗೀರ್ಡು ನೋಡದೆ, ಇಷ್ಟು ವರ್ಷ ಮೇಕೆಯ ಕಥೆ ಹೇಳುತ್ತ ಗಣಗಣ ಬೆಲ್ಲು ಹೊಡೆದವಳು ನಾನು. ನಾಚಿಕೆಯಾಗಿ ಬಾಯಿ ಮುಚ್ಚಿ ಪೂಜೆ ಮಾಡಿದೆ. ಮನೆ ನಿಶ್ಶಬ್ದವಾಯಿತು. ಜಗಲಿಯ ಕಡೆಯಿಂದ ಹೆಜ್ಜೆ ಸದ್ದು ಕೇಳಿ ತಿರುಗಿದರೆ, ಯಜಮಾನರು ದೇವರ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಮುಖದಲ್ಲಿ ಸಂಗು ಕೂಗಿದಾಗಿನ ಅದೇ ಗಾಬರಿ.

"ಯಾಕೆ, ಮೈ ಸರಿಯಿಲ್ವಾ ಮುನಿಲಕ್ಷ್ಮೀ? ಡಾಕ್ಟ್ರ ತಾವ ಓಗಾಣ, ಏಳು."

ಸೂಜಿಯ ಸಹಾಯವಿಲ್ಲದೆ ಅವರು ಆಡಿದ ಅತಿ ಉದ್ದದ ಮಾತು ಅದು. ಅಂದಿನಿಂದ ಶನಿವಾರದ ಪೂಜೆಯಲ್ಲಿ ನಾನು ಬಾಯಿ ತೆರೆಯುವುದಿಲ್ಲ, ಜಗಲಿಯ ಹೆಜ್ಜೆ ಸದ್ದಿಗೆ ಕಿವಿಗೊಟ್ಟಿರುತ್ತೇನೆ. ಭಕ್ತಿ ಹೆಚ್ಚಿತು ಎಂದು ಲೈನಿನವರು ಹೊಗಳುತ್ತಾರೆ. ಸ್ವಾಮಿಗೆ ನಿಜ ಗೊತ್ತಿದೆ, ಆದರೆ ಅವನೂ ಮಾತಾಡುವವನಲ್ಲ.